ಆಣೆ ಇಡದವನು

ನಮ್ಮ ಕ್ರಷರ್‌ನಲ್ಲಿ ಬೆಳಗಿನ ಮೀಟಿಂಗ್ ಶುರುವಾಗುವುದೇ ಯಾರದಾದರೂ ತಾಯಿಯ ಹೆಸರೆತ್ತಿ. ಒಳ್ಳೆಯದಕ್ಕೆ ಎತ್ತುವುದಿಲ್ಲ ಅಂತ ಬೇರೆ ಹೇಳಬೇಕಿಲ್ಲ. ಏಳು ಗಂಟೆಗೆ ಆಫೀಸಿನ ಮುಂದಿನ ತಗಡಿನ ಚಪ್ಪರದ ಕೆಳಗೆ ನಾವೆಲ್ಲ ಸಾಲಾಗಿ ನಿಲ್ಲಬೇಕು. ಬಂಡೆ ಕೊರೆಯುವವರು, ಟಿಪ್ಪರ್ ಡ್ರೈವರ್‌ಗಳು, ಜಲ್ಲಿ ಸಾಗಿಸುವ ಬೆಲ್ಟ್ ನೋಡಿಕೊಳ್ಳುವವರು, ದೊಡ್ಡ ಕಲ್ಲನ್ನು ಮೊದಲು ಅಗಿಯುವ ಜಾ ಮಿಷಿನ್ನಿನ ಆಪರೇಟರ್ ನಾನು. ಎದುರಿಗೆ ಮ್ಯಾನೇಜರ್ ಪ್ರಭುದೇವ್. ಮಧುಗಿರಿಯವನು, ಮಾಲೀಕರ ಅಕ್ಕನ ಮಗ. ನಿನ್ನೆ ಎಷ್ಟು ಲೋಡು ಹೋಯಿತು, ಯಾಕೆ ಕಡಿಮೆಯಾಯಿತು ಅಂತ ಕೇಳುತ್ತಾನೆ. ಉತ್ತರ ಅವನಿಗೆ ಬೇಕಿಲ್ಲ, ಕೈಗೆ ಸಿಕ್ಕಿದ್ದನ್ನು ಎಸೆಯಲು ಒಂದು ನೆಪ ಬೇಕು. ಟೀ ಲೋಟ ಎಸೆದಿದ್ದಾನೆ, ಹೆಲ್ಮೆಟ್ ಎಸೆದಿದ್ದಾನೆ. ಒಂದು ಸಲ ಸ್ಪ್ಯಾನರ್ ಎಸೆದ. ಅದು ತಾಗಿ ಡ್ರೈವರ್ ಓಬಳಯ್ಯನ ಕಿವಿ ಹರಿಯಿತು. ಓಬಳಯ್ಯ ಹೊಲಿಗೆ ಹಾಕಿಸಿಕೊಂಡು ಮಾರನೆಯ ದಿನ ಅದೇ ಸಾಲಿನಲ್ಲಿ ಬಂದು ನಿಂತ.

ನನಗೂ ಸಿಟ್ಟೇನು ಕಡಿಮೆಯಿಲ್ಲ. ನಾನು ಸಿರಾ ಕಡೆಯ ಹುಲಿಕುಂಟೆಯವನು, ಹೆಸರು ಸಂಜೀವಯ್ಯ. ಹೆಸರು ತಾತನದು, ದೇವರು ಮಾತ್ರ ಅಪ್ಪನ ಕಾಲದಲ್ಲಿ ಬದಲಾಯಿತು. ಅಪ್ಪ ಏಸುವನ್ನು ನಂಬಿದ, ಅವನ ಹಿಂದೆ ನಾವೂ ನಂಬಿದೆವು. ಆದರೆ ನಂಬಿದ ಮಾತ್ರಕ್ಕೆ ಕೈ ತುರಿಕೆ ಹೋಗುವುದಿಲ್ಲ. ಪ್ರಭುದೇವ್ ಬಾಯಿ ತೆರೆದಾಗಲೆಲ್ಲ ನನ್ನ ಮುಷ್ಟಿ ತಾನಾಗಿ ಬಿಗಿಯುತ್ತಿತ್ತು. ಮದುವೆಗೆ ಬಂದ ಮಗಳಿರುವ ಮನುಷ್ಯ ನಾನು, ದಿನಾ ಬೆಳಿಗ್ಗೆ ಅವನ ಮೂಗಿನ ಮೇಲೆ ಕಣ್ಣಿಟ್ಟುಕೊಂಡು ನಿಲ್ಲುತ್ತಿದ್ದೆ. ಏಟು ಎಲ್ಲಿಗೆ ಬೀಳಬೇಕು, ಬಿದ್ದ ಮೇಲೆ ಅವನು ಯಾವ ಕಡೆಗೆ ಉರುಳುತ್ತಾನೆ, ಎಲ್ಲ ಗೊತ್ತು ಮಾಡಿಕೊಂಡಿದ್ದೆ.

ಒಂದು ಭಾನುವಾರ ಮಧುಗಿರಿಯ ಪ್ರಾರ್ಥನಾ ಮಂದಿರದಲ್ಲಿ ಆರಾಧನೆ ಮುಗಿದ ಮೇಲೆ ಪಾಸ್ಟರ್ ಯೇಸುರತ್ನಂ ಅವರ ಹತ್ತಿರ ಹೋಗಿ, ಈ ಕೆಲಸ ಬಿಡುತ್ತೇನೆ ಅಂದೆ. ಅವರು ಪಾವಗಡದ ಗಡಿಯವರು, ಮಾತಿನಲ್ಲಿ ಕನ್ನಡಕ್ಕೂ ತೆಲುಗಿಗೂ ಬೇಲಿಯಿಲ್ಲ. ನಾವು ಅಯ್ಯಗಾರು ಅಂತ ಕರೆಯುತ್ತೇವೆ.

“ಏಮಯ್ಯಾ, ಕೆಲ್ಸ ಅಷ್ಟು ಕಷ್ಟನಾ?” ಅಂದರು.

“ಕೆಲ್ಸ ಅಲ್ಲ ಅಯ್ಯಗಾರೂ, ಮೀಟಿಂಗು. ಅಲ್ಲಿ ನಿಂತ್ರೆ ನಾನು ಕ್ರೈಸ್ತನೇ ಅಲ್ಲ. ಒಂದಿನ ಅವನ್ನ ಹೊಡೆದು ಹಾಕ್ಬುಡ್ತೀನಿ.”

ಅವರು ನಕ್ಕರು. ನನಗೆ ಅದಕ್ಕೂ ಸಿಟ್ಟು ಬಂತು.

“ಭಾನುವಾರ ಒಂದೊತ್ತು ನನ್ ಮುಂದೆ ಕೂತ್ಕಂತೀಯ. ಮಿಕ್ಕಿದ್ದೆಲ್ಲ ಆ ಕಲ್ಲಿನ ಮಧ್ಯಾನೇ ಇರ್ತೀಯ. ದೇವುಡು ನಿನ್ನ ಬರೀ ಒಂದೊತ್ತಿಗೆ ಕರೆದವ್ನಾ? ಆ ಮೀಟಿಂಗೇ ನಿನ್ನ ಸೇವೆ ಅನ್ಕೋ.”

“ಅಲ್ಲೋಗಿ ಪ್ರಸಂಗ ಮಾಡ್ಲಾ?”

“ವದ್ದಯ್ಯಾ! ಬಾಯೇ ಬಿಚ್ಚಬ್ಯಾಡ. ಅಲ್ಲಿ ಯಾರು ಬೈಸ್ಕಂತಾ ನಿಂತಿರ್ತಾರೋ, ಹೋಗಿ ಅವರ ಪಕ್ಕ ನಿಂತ್ಕೋ. ಅಷ್ಟು ಮಾಡು ಸಾಕು.”

ಇದೆಂಥ ಸೇವೆ ಅಂತ ಬೈದುಕೊಂಡೇ ಬಸ್ಸು ಹತ್ತಿದೆ. ಆದರೂ ಸೋಮವಾರ ಮಾಡಿದೆ. ಅವತ್ತು ಬೈಗುಳ ರಂಗಸ್ವಾಮಿಯ ಪಾಲಿಗೆ ಬಂದಿತ್ತು. ಪುರವರದ ಹುಡುಗ, ಮದುವೆಯಾದ ಹೊಸತು, ಬೆಲ್ಟ್ ನೋಡಿಕೊಳ್ಳುವವನು. ಬೆಲ್ಟ್ ನಿಂತರೆ ಎಲ್ಲ ನಿಂತಂತೆ, ಹಾಗಾಗಿ ವಾರಕ್ಕೆ ನಾಲ್ಕು ದಿನ ಅವನ ತಾಯಿಯೇ ಪ್ರಭುದೇವನ ಬಾಯಿಯಲ್ಲಿ. ನಾನು ಸಾಲು ಬಿಟ್ಟು ಹೋಗಿ ಅವನ ಪಕ್ಕ ನಿಂತೆ. ಪ್ರಭುದೇವ್ ನನ್ನ ಕಡೆ ತಿರುಗಿದ.

“ನಿನ್ನ ಕರೆದ್ನೇನೋ?”

“ಇಲ್ಲ ಸಾರ್.”

“ಮತ್ಯಾಕ್ ಬಂದೆ?”

“ಸುಮ್ನೆ ಸಾರ್.”

ಹೆಲ್ಮೆಟ್ ಬಂದು ನನ್ನ ಹೆಗಲಿಗೆ ಬಡಿಯಿತು. ಹಿಂದಿನ ಸಾಲಿನಲ್ಲಿ ಯಾರೋ “ಏಸಪ್ಪ ಎದ್ದ ನೋಡ್ರಲಾ” ಅಂತ ಕಿಸಕ್ಕೆಂದರು. ಮಾರನೆಯ ದಿನ ಇನ್ನೊಬ್ಬನ ಪಕ್ಕ ನಿಂತೆ. ಅದರ ಮಾರನೆಯ ದಿನ ಮತ್ತೆ ರಂಗಸ್ವಾಮಿಯ ಪಕ್ಕ. ಬೈಯುವವನಿಗೆ ಎದುರಿಗೆ ಒಬ್ಬನೇ ಇರಬೇಕು, ಇಬ್ಬರಾದರೆ ಗುರಿ ತಪ್ಪುತ್ತದೆ. ಮಾತು ಬೇಗ ಮುಗಿಯತೊಡಗಿತು. ರಂಗಸ್ವಾಮಿ ನನ್ನನ್ನು ಅಣ್ಣ ಅನ್ನತೊಡಗಿದ, ಮಧ್ಯಾಹ್ನ ಬುತ್ತಿಯಲ್ಲಿ ಪಾಲು ಕೊಡತೊಡಗಿದ. “ಪಕ್ಕದಾಗೆ ಯಾರಾನ ನಿಂತ್ರೆ ಬೈಗಳ ಅರ್ಧ ಆಗ್ತದೆ ಕಣಣ್ಣ” ಅಂದ ಒಂದು ದಿನ. ನನಗೆ ಆಶ್ಚರ್ಯವಾದದ್ದು ಬೇರೆ. ಇನ್ನೊಬ್ಬನ ಪಕ್ಕ ನಿಂತಾಗ ನನ್ನ ಮುಷ್ಟಿ ಬಿಗಿಯುತ್ತಿರಲಿಲ್ಲ. ಇವತ್ತು ಯಾರ ಸರದಿ, ಎಲ್ಲಿ ಹೋಗಿ ನಿಲ್ಲಬೇಕು ಅಂತ ಯೋಚಿಸುತ್ತ ಕೆಲಸಕ್ಕೆ ಹೋಗುತ್ತಿದ್ದೆ.

ಜಾ ಮಿಷಿನ್ನಿನ ಬಾಯಲ್ಲಿ ದೊಡ್ಡ ಕಲ್ಲು ಸಿಕ್ಕಿಕೊಂಡರೆ ಮಿಷಿನ್ ನಿಲ್ಲಿಸಿ, ಒಬ್ಬ ಒಳಗಿಳಿದು ಹಾರೆ ಹಾಕಿ ಎಬ್ಬಿಸಬೇಕು. ಆಗ ಸ್ಟಾರ್ಟರ್ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಒಳಗಿಳಿದವನೇ ಸೊಂಟದಲ್ಲಿ ಇಟ್ಟುಕೊಳ್ಳಬೇಕು. ಹಾಗಂತ ನಿಯಮ. ಬೀಗ ಹಾಕಿ ತೆಗೆಯುವುದರಲ್ಲೇ ಲೋಡು ತಪ್ಪುತ್ತಿದೆ ಅಂತ ಪ್ರಭುದೇವ್ ಒಂದು ಮೀಟಿಂಗಿನಲ್ಲಿ ಆ ಬೀಗವನ್ನು ತೆಗೆಸಿ ಆಫೀಸಿನೊಳಗೆ ಇಟ್ಟುಕೊಂಡ. ಆಗ ನಮ್ಮವರು ತಮ್ಮದೇ ಪದ್ಧತಿ ಮಾಡಿಕೊಂಡರು. ಇಳಿಯುವವನು ಹೆಗಲ ಮೇಲಿನ ಟವಲ್ಲನ್ನು ಪೆಟ್ಟಿಗೆಯ ಮೇಲೆ ಹಾಕಿ ಇಳಿಯುತ್ತಿದ್ದ. ಟವಲ್ ಇದ್ದರೆ ಒಳಗೆ ಆಳಿದೆ. ಟವಲ್ ಇಲ್ಲದಿದ್ದರೆ ಹಸಿರು ಬಟನ್ ಒತ್ತಬಹುದು. ಇದು ಸರಿಯಲ್ಲ ಅಂತ ನಾನೂ ಹೇಳಿದೆ, ಇನ್ನಿಬ್ಬರೂ ಹೇಳಿದರು. ಬೈಸಿಕೊಂಡು ಸುಮ್ಮನಾದೆವು.

ಚನ್ನಮಲ್ಲಯ್ಯ ಚನ್ನರಾಯನದುರ್ಗದವರು, ನಮ್ಮಲ್ಲೆಲ್ಲ ಹಿರಿಯರು. ಹಣೆಗೆ ವಿಭೂತಿ ಇಲ್ಲದೆ ಕೆಲಸಕ್ಕೆ ಬಂದವರಲ್ಲ. ಗಾಳಿ ಜೋರಾಗಿದ್ದ ಒಂದು ಮಧ್ಯಾಹ್ನ, ನಾವೆಲ್ಲ ಊಟಕ್ಕೆ ಹೋದಾಗ, ಸಿಕ್ಕಿಕೊಂಡಿದ್ದ ಕಲ್ಲನ್ನು ಅಷ್ಟರಲ್ಲಿ ಎಬ್ಬಿಸಿಬಿಡುತ್ತೇನೆ ಅಂತ ಅವರೊಬ್ಬರೇ ಒಳಗಿಳಿದರು. ಟವಲ್ ಹಾಕಿಯೇ ಇಳಿದರು. ನಾನು ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚಿದ್ದೆ. ತಲೆಯೆತ್ತಿ ನೋಡಿದಾಗ ಟವಲ್ ನೆಲದ ಮೇಲೆ ದೂಳಿನಲ್ಲಿ ಹೊರಳುತ್ತಿತ್ತು. ರಂಗಸ್ವಾಮಿ ಬೆಲ್ಟಿನ ಕಡೆಯಿಂದ ಓಡಿ ಬಂದ. ಬೆಳಿಗ್ಗೆ ತಿಂದ ಬೈಗುಳ ಇನ್ನೂ ಅವನ ಕಾಲಲ್ಲಿತ್ತು. ಪೆಟ್ಟಿಗೆಯ ಮೇಲೆ ನೋಡಿದ, ಏನೂ ಇಲ್ಲ, ಹಸಿರು ಒತ್ತಿದ.

ನಾನು ಕಿರುಚುತ್ತ ಓಡಿದೆ. ಮಿಷಿನ್ನಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ, ಚನ್ನಮಲ್ಲಯ್ಯನವರ ದನಿ ಮಾತ್ರ ಕೇಳಿತು. ರಂಗಸ್ವಾಮಿಯನ್ನು ತಳ್ಳಿ ಕೆಂಪು ಬಟನ್ ಒತ್ತಿದೆ. ಅಷ್ಟರಲ್ಲಿ ಅವರು ಸೊಂಟದವರೆಗೆ ಹೋಗಿಬಿಟ್ಟಿದ್ದರು. ಕಣ್ಣು ತೆರೆದೇ ಇತ್ತು, ನನ್ನನ್ನೇ ನೋಡುತ್ತಿತ್ತು, ಬಾಯಿಂದ ರಕ್ತ ಬಿಟ್ಟರೆ ಮಾತು ಬರಲಿಲ್ಲ. ಜನ ಬಂದು ನೋಡುವಾಗ ಪೆಟ್ಟಿಗೆಯ ಮೇಲೆ ಇದ್ದದ್ದು ನನ್ನ ಕೈ. ರಂಗಸ್ವಾಮಿ ಬೆಲ್ಟಿನ ಹಿಂದೆ ಹೋಗಿ ವಾಂತಿ ಮಾಡುತ್ತಿದ್ದ.

ಅವರನ್ನು ಹೊರಗೆ ತೆಗೆಯಲು ಮಿಷಿನ್ ಬಿಚ್ಚಬೇಕಾಯಿತು. ಹೊಂಗೆ ಮರದ ಕೆಳಗೆ ಟಾರ್ಪಾಲಿನ ಮೇಲೆ ಮಲಗಿಸಿ, ಮೇಲೊಂದು ಟಾರ್ಪಾಲು ಹೊದಿಸಿದೆವು. ಆಗ ರಂಗಸ್ವಾಮಿ ಹತ್ತಿರ ಬಂದು ನನ್ನ ಕೈ ಹಿಡಿದ. “ಅಣ್ಣ, ಟವಲ್ ಇರ್ಲಿಲ್ಲ ಕಣಣ್ಣ. ಹೇಳ್ಬುಟ್ರೆ ನನ್ನ ಕೊಂದಾಕ್ತಾರೆ” ಅಂದ. ಅವನ ಹಲ್ಲು ಕಟಕಟ ಅನ್ನುತ್ತಿತ್ತು.

ಊರಿಂದ ಎರಡು ಟ್ರ್ಯಾಕ್ಟರಿನಲ್ಲಿ ಜನ ಬಂದರು. ಚನ್ನಮಲ್ಲಯ್ಯನವರ ಹೆಂಡತಿ ಕಮಲಾಕ್ಷಮ್ಮ ಟಾರ್ಪಾಲಿನ ಪಕ್ಕ ಕೂತರು, ಅಳಲಿಲ್ಲ. ತಮ್ಮಂದಿರು, ಅಣ್ಣನ ಮಕ್ಕಳು ದೊಣ್ಣೆ ಹಿಡಿದೇ ಬಂದಿದ್ದರು, ಆಫೀಸಿನ ಗಾಜು ಪುಡಿಯಾಯಿತು, ಪ್ರಭುದೇವನ ಕಾರಿನ ಮೇಲೆ ಕಲ್ಲು ಬಿತ್ತು. ಆಗ ಪ್ರಭುದೇವ್ ಚಪ್ಪರದ ಕೆಳಗೆ ಬಂದು ಎರಡೂ ಕೈ ಎತ್ತಿದ.

“ಮೀಟಿಂಗ್ ಮಾಡೋಣ. ಕೊರಟಗೆರೆ ಪೊಲೀಸ್ನೋರು ಬರ್ತಾವ್ರೆ, ಅಷ್ಟರಲ್ಲಿ ಯಾರು ಬಟನ್ ಒತ್ತಿದ್ದು ಅಂತ ನಮ್ಮಲ್ಲೇ ಇತ್ಯರ್ಥ ಆಗ್ಲಿ. ಒಬ್ಬೊಬ್ರೂ ಕರ್ಪೂರ ಆರಿಸಿ ಆಣೆ ಇಡಿ. ತಪ್ಪು ಮಾಡಿದೋನು ಸಿಕ್ತಾನೆ.”

ಜಾಣ. ಯಾರೋ ಒಬ್ಬ ಆಳು ತಪ್ಪಿತಸ್ಥನಾದರೆ ಬೀಗದ ಮಾತು ಯಾರೂ ಎತ್ತುವುದಿಲ್ಲ. ಆದರೆ ನಮ್ಮ ಕಡೆ ಆಣೆ ಅಂದರೆ ಆಣೆ, ಅದರ ಮುಂದೆ ದೊಣ್ಣೆಯೂ ಕೆಳಗಿಳಿಯುತ್ತದೆ. ಆಫೀಸಿನೊಳಗಿನ ವೀರಭದ್ರನ ಪಟ ಹೊರಗೆ ಬಂತು. ತಟ್ಟೆಯಲ್ಲಿ ಕರ್ಪೂರ ಹಚ್ಚಿದರು. ಒಬ್ಬೊಬ್ಬರೇ ಬಂದು ಅಂಗೈಯಿಂದ ಉರಿ ಅದುಮಿ “ನಾನಲ್ಲ” ಅಂದರು. ಓಬಳಯ್ಯ ಅಂದ. ರಂಗಸ್ವಾಮಿಯೂ ಅಂದ. ಆಮೇಲೆ ನನ್ನ ಸರದಿ ಬಂತು.

ನಮ್ಮ ಮನೆಯಲ್ಲಿ ಆಣೆ ಇಡುವಂತಿಲ್ಲ. ಆಣೆ ಇಟ್ಟಾಗ ಮಾತ್ರ ನಿಜ ಹೇಳುವವನು ಮಿಕ್ಕ ಹೊತ್ತಿನಲ್ಲಿ ಏನು ಹೇಳುತ್ತಾನೆ ಅಂತ ಅಪ್ಪ ಕೇಳುತ್ತಿದ್ದ. ಏಸುವಿನ ಹೆಸರಲ್ಲೂ ಇಟ್ಟವರಲ್ಲ ನಾವು. ಇದನ್ನೆಲ್ಲ ಬಿಡಿಸಿ ಹೇಳುವ ಸಮಯ ಅದಲ್ಲ ಅಂತ ನನಗೂ ಗೊತ್ತಿತ್ತು.

“ನಮ್ಮಲ್ಲಿ ಆಣೆ ಇಡೋದಿಲ್ಲ ಸಾರ್. ಕೇಳಿ, ನೇರವಾಗಿ ಹೇಳ್ತೀನಿ. ನಾನು ಹಸಿರು ಒತ್ತಿಲ್ಲ. ಒತ್ತಿದೋನ್ನ ನೋಡಿದೀನಿ.”

“ಯಾರು?” ಅಂತ ಇಡೀ ಗುಂಪು ಒಂದೇ ದನಿಯಲ್ಲಿ ಕೇಳಿತು.

ರಂಗಸ್ವಾಮಿಯ ಕಡೆ ನಾನು ನೋಡಲಿಲ್ಲ. “ಹೆಸರು ಇಲ್ಲಿ ಹೇಳಲ್ಲ. ಹೇಳಿದ್ರೆ ನೀವು ಅವನ್ನ ಇಲ್ಲೇ ಸಾಯಿಸ್ತೀರ. ಪೊಲೀಸ್ನೋರ ಮುಂದೆ ಹೇಳ್ತೀನಿ. ಪೆಟ್ಟಿಗೆ ಬೀಗ ಎಲ್ಲೋಯ್ತು ಅಂತಾನೂ ಅವರಿಗೆ ಹೇಳ್ತೀನಿ.”

ಮೊದಲ ಏಟು ಪ್ರಭುದೇವನದೇ. ಕೆನ್ನೆಗೆ ಹೊಡೆದು, “ಆಣೆ ಇಡಾಕೆ ಹೆದರ್ತಾನೆ ಅಂದ್ರೆ ಇವನೇ ಕಣ್ರೋ! ಪೆಟ್ಟಿಗೆ ಮೇಲೆ ಇವನ ಕೈ ಇದ್ದಿದ್ದು ಎಲ್ರೂ ನೋಡಿಲ್ವಾ?” ಅಂದ. ಅಷ್ಟೇ ಸಾಕಾಗಿತ್ತು. ದೊಣ್ಣೆ ಬೆನ್ನಿಗೆ ಬಿತ್ತು, ಮೊಣಕಾಲ ಹಿಂದೆ ಬಿತ್ತು. ಯಾರೋ ಕೂದಲು ಹಿಡಿದು ನೆಲಕ್ಕೆ ಮುಖ ಉಜ್ಜಿದರು, ಬಾಯಲ್ಲಿ ಜಲ್ಲಿಪುಡಿ ತುಂಬಿತು. “ಹೆಸರು ಬೊಗಳ್ಲಾ” ಅಂತ ಪಕ್ಕೆಗೆ ಒದ್ದರು. ಒಂದು ಹಲ್ಲು ನಾಲಿಗೆಯ ಮೇಲೆ ಬಂದು ಕೂತಿತು. ಬಾಯಲ್ಲಿ ಆ ಹೆಸರೂ ಇತ್ತು. ನಾಲ್ಕಕ್ಷರ ಉಗುಳಿದರೆ ಏಟು ನಿಲ್ಲುತ್ತದೆ, ಮನೆಗೆ ಹೋಗುತ್ತೇನೆ, ಮಗಳ ಮುಖ ನೋಡುತ್ತೇನೆ. ಬೇಕು ಅನ್ನಿಸಿತು, ತುಂಬ ಬೇಕು ಅನ್ನಿಸಿತು. ಹಲ್ಲು ಮಾತ್ರ ಉಗುಳಿದೆ.

ಆಗ ಹಾರೆ ಬಂತು. ಹೆಗಲಿನ ಹತ್ತಿರ ಮೂಳೆ ಮುರಿದ ಸದ್ದು ಒಳಗಿಂದಲೇ ಕೇಳಿಸಿತು. ತಿರುಗಿ ನೋಡಿದರೆ ರಂಗಸ್ವಾಮಿ. ಕಣ್ಣು ಕೆಂಪಗೆ, ಮೂಗು ಸುರಿಯುತ್ತ, ಹಾರೆಯನ್ನು ಮತ್ತೆ ಎತ್ತಿದ್ದ. ಊರವರೆಲ್ಲ ಸೇರಿ ಹೊಡೆದದ್ದಕ್ಕಿಂತ ಇವನು ಹೊಡೆದದ್ದು ಜಾಸ್ತಿ ನೋವಾಯಿತು. ತನ್ನ ಬುತ್ತಿಯಲ್ಲಿ ನನಗೆ ಪಾಲು ಕೊಟ್ಟ ಕೈ ಅದು.

“ಪೊಲೀಸ್ನೋರಿಗೆ ಹೇಳ್ತೀಯಾ? ಹೇಳ್ತೀಯೇನ್ಲಾ?” ಅಂತ ಅರಚಿದ. ಹಾರೆ ತೊಡೆಗೆ ಬಿತ್ತು. “ನಂಗೇನ್ಲಾ ಗೊತ್ತಿತ್ತು ಅವರು ಒಳಗವ್ರೆ ಅಂತ! ಟವಲ್ ಇರ್ಲೇ ಇಲ್ವಲ್ಲೋ!”

ಮಾತು ಹೊರಬಿದ್ದ ಮೇಲೆ ಅವನಿಗೇ ಕೇಳಿಸಿತು. ಹಾರೆ ಕೈಯಲ್ಲೇ ಇತ್ತು, ತುಟಿ ಅಲ್ಲಾಡುತ್ತಲೇ ಇತ್ತು.

ಆಮೇಲೆ ಗುಂಪು ನನ್ನನ್ನು ಬಿಟ್ಟು ಅವನ ಮೇಲೆ ಬಿತ್ತು. ಸುಳ್ಳು ಆಣೆ ಇಟ್ಟಿದ್ದಾನೆ, ಅದೂ ಸೇರಿಕೊಂಡಿತು. ಹಾರೆ ಕಿತ್ತುಕೊಂಡರು, ಕಾಲು ಹಿಡಿದು ಎಳೆದರು, ಅವನ ತಲೆ ಚಪ್ಪರದ ಕಂಬಕ್ಕೆ ಬಡಿಯಿತು. ಯಾರೋ ಎರಡು ಕೈಯಲ್ಲಿ ತಲೆಗಾತ್ರದ ಬೋಡ್ರಸ್ ಕಲ್ಲು ಎತ್ತಿಕೊಂಡು ಬಂದರು. ನನಗೆ ಸಂತೋಷವಾಯಿತು. ಇದನ್ನು ಮುಚ್ಚಿಡುವುದಿಲ್ಲ. ಮುರಿದ ಹೆಗಲು ಹಿಡಿದುಕೊಂಡು ನೆಲದಲ್ಲಿ ಬಿದ್ದುಕೊಂಡೇ, ಹಾಕ್ರೋ ಇನ್ನೆರಡು ಅಂತ ಮನಸ್ಸಿನಲ್ಲಿ ಅಂದುಕೊಂಡೆ. ಮುಷ್ಟಿ ಬಿಗಿದಿತ್ತು, ಎಷ್ಟೋ ದಿನದ ಮೇಲೆ.

ರಂಗಸ್ವಾಮಿ ಕೂಗುತ್ತಿರಲಿಲ್ಲ. ಎರಡು ಕೈಯಲ್ಲಿ ತಲೆ ಮುಚ್ಚಿಕೊಂಡು ಮುದುರಿಕೊಂಡಿದ್ದ. ಅವನ ಸುತ್ತ ಕಾಲುಗಳಿದ್ದವು, ಪಕ್ಕದಲ್ಲಿ ಮಾತ್ರ ಯಾರೂ ಇರಲಿಲ್ಲ. ಅದನ್ನು ನೋಡಿದ್ದೇ ತಪ್ಪಾಯಿತು. ನೋಡಿದ ಮೇಲೆ ನನಗೆ ಬಿದ್ದುಕೊಂಡಿರಲು ಆಗಲಿಲ್ಲ. ಅಯ್ಯಗಾರನ್ನು ಬೈದೆ, ದೇವರನ್ನೂ ಬೈದೆ. ಒಂದು ಕೈ ಊರಿ, ಕಾಲುಗಳ ಸಂದಿಯಲ್ಲಿ ತೆವಳಿಕೊಂಡು ಹೋಗಿ ಅವನ ಮೇಲೆ ಅಡ್ಡ ಬಿದ್ದೆ. ನಿಲ್ಲುವಷ್ಟು ಶಕ್ತಿ ಇರಲಿಲ್ಲ, ಇದ್ದಿದ್ದರೆ ನಿಲ್ಲುತ್ತಿದ್ದೆ.

ಅವನಿಗೆ ಬರಬೇಕಾದ್ದು ನನಗೆ ಬಂತು. ಬೆನ್ನ ಮೇಲೆ ದೊಣ್ಣೆ, ಕಿವಿಯ ಹತ್ತಿರ ಬೂಟು. “ಇವನ್ಯಾಕ್ಲಾ ಅಡ್ಡ ಬಂದ? ಎಳೀರಿ ಇವನ್ನ” ಅಂದರು. ಮುರಿದ ತೋಳು ಹಿಡಿದು ಎಳೆದಾಗ ನಾನು ಹಂದಿ ಕೂಗಿದ ಹಾಗೆ ಕೂಗಿದೆ. ಆದರೆ ಕೆಳಗಿಂದ ರಂಗಸ್ವಾಮಿ ನನ್ನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಬಿಟ್ಟಿದ್ದ. ಎಳೆದರೆ ಇಬ್ಬರೂ ಒಟ್ಟಿಗೇ ಬರುತ್ತಿದ್ದೆವು.

“ಬುಡ್ರೋ” ಅಂತ ಹೆಂಗಸಿನ ದನಿ ಕೇಳಿತು.

ಕಮಲಾಕ್ಷಮ್ಮ ಮರದ ಕೆಳಗಿಂದ ಎದ್ದು ಬಂದಿದ್ದರು. ಸೀರೆಯ ಸೆರಗೆಲ್ಲ ಗಂಡನ ರಕ್ತ. ಗಂಡಸರು ದಾರಿ ಬಿಟ್ಟರು. ಬೋಡ್ರಸ್ ಕಲ್ಲು ಎತ್ತಿಕೊಂಡಿದ್ದವನ ಕೈಯಿಂದ ಅದನ್ನು ಇಸಿದುಕೊಂಡರು. ಭಾರಕ್ಕೆ ಸೊಂಟ ಬಗ್ಗಿತು, ಬಿಡಲಿಲ್ಲ, ಹೊಟ್ಟೆಗೆ ಒತ್ತಿಕೊಂಡು ನನ್ನ ತಲೆಯ ಹತ್ತಿರ ಬಂದು ನಿಂತರು.

“ಏಳಯ್ಯ” ಅಂದರು. “ನಿನ್ ಮೇಲೆ ನಂಗೇನೂ ಸಿಟ್ಟಿಲ್ಲ. ನಮ್ಮವರು ಸುಮ್ ಸುಮ್ನೆ ಹೊಡೆದ್ಬುಟ್ರು. ನೀನು ಏಳು, ಅವ್ನ ನಂಗೆ ಬುಡು.”

ದೊಣ್ಣೆಯವರ ಮುಂದೆ ಮಲಗುವುದು ಬೇರೆ, ಇವರ ಮುಂದೆ ಮಲಗುವುದು ಬೇರೆ. ಇವರು ಕೇಳುತ್ತಿರುವುದು ನ್ಯಾಯ. ಬಂದಾಗಿನಿಂದ ಅಲ್ಲಿ ಒಂಟಿಯಾಗಿ ಕೂತಿದ್ದವರು ಇವರು. ಅವರ ಪಕ್ಕ ಹೋಗಿ ನಿಲ್ಲಬೇಕೆಂದು ನಮ್ಮಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ನನಗೆ ಏಳಬೇಕು ಅನ್ನಿಸಿತು. ಇವರ ಮಾತು ಮೀರುವ ಹಕ್ಕು ನನಗೆಲ್ಲಿಂದ ಬಂತು?

ಕೆಳಗಿಂದ, ನನ್ನ ಎದೆಯ ಹತ್ತಿರ, ರಂಗಸ್ವಾಮಿಯ ದನಿ ಬಂತು. ಮೂಗು ಒಡೆದು ಮಾತು ಗೊರಗೊರ ಅನ್ನುತ್ತಿತ್ತು. “ಏಳಬ್ಯಾಡ ಕಣಣ್ಣ” ಅಂದ. “ಏಳಬ್ಯಾಡ.”

“ಏಳಯ್ಯ” ಅಂದರು ಕಮಲಾಕ್ಷಮ್ಮ ಮತ್ತೆ.

“ಏಳಾಕಿಲ್ಲ ಕಣವ್ವ” ಅಂದೆ.

ಅವರು ಬಗ್ಗಿ ನನ್ನನ್ನು ನೋಡಿದರು. “ಕಾಲು ಮುರ್ದೈತಾ?”

ಹೌದು ಅಂದಿದ್ದರೆ ಅವರಿಗೂ ಸುಲಭ, ನನಗೂ ಸುಲಭ. ತೊಡೆ ಊದಿಕೊಂಡು ಬಂಡೆಯಾಗಿತ್ತು, ನಂಬುವಂತೆಯೂ ಇತ್ತು. ಆದರೆ ಗಂಡನನ್ನು ಟಾರ್ಪಾಲಿನಲ್ಲಿ ಬಿಟ್ಟು ಬಂದ ಹೆಂಗಸಿಗೆ ನಾನು ಸುಳ್ಳು ಹೇಳಲಾರದೆ ಹೋದೆ.

“ಇಲ್ಲ ಕಣವ್ವ. ಕಾಲು ನೆಟ್ಟಗೈತೆ.”

ಅವರು ನನ್ನನ್ನು ನೋಡುತ್ತಲೇ ಇದ್ದರು. ಕಲ್ಲು ಹಿಡಿದ ತೋಳು ನಡುಗುತ್ತಿತ್ತು. ಅದು ನನ್ನ ತಲೆಯ ಮೇಲೆ ಬೀಳುತ್ತದೆ ಅಂತ ನಾನು ಕಣ್ಣು ಮುಚ್ಚಿದೆ. ಪ್ರಾರ್ಥನೆ ನೆನಪಾಗಲಿಲ್ಲ, ಮಗಳ ಹೆಸರು ನೆನಪಾಯಿತು.

“ಅಂಗಾದ್ರೆ ನಾನೂ ಏಳಾಕಿಲ್ಲ” ಅಂದರು.

ಕಣ್ಣು ಬಿಟ್ಟಾಗ ಅವರು ಅಲ್ಲೇ ಜಲ್ಲಿಯ ಮೇಲೆ, ನನ್ನ ತಲೆಗೆ ತಾಗಿದಂತೆ ಕೂತಿದ್ದರು. ಕಲ್ಲು ಮಡಿಲಲ್ಲಿತ್ತು. ಆಗ ಅಳು ಬಂತು ಅವರಿಗೆ, ಅಲ್ಲಿಯವರೆಗೆ ಬಾರದಿದ್ದದ್ದು, ಇಡೀ ಬೆಟ್ಟಕ್ಕೆ ಕೇಳುವ ಹಾಗೆ. ಮೈದುನ ಬಂದು “ಅತ್ತಿಗೆ, ಪಕ್ಕಕ್ ಬಾ” ಅಂತ ತೋಳು ಹಿಡಿದ. ಅವರು ಅವನ ಕೈಯನ್ನು ಕೊಡವಿಬಿಟ್ಟರು. ಅವರನ್ನು ದಾಟಿ ದೊಣ್ಣೆ ಬೀಸುವುದಕ್ಕೆ ಯಾರಿಗೂ ಆಗಲಿಲ್ಲ. ಕೊರಟಗೆರೆಯಿಂದ ಜೀಪು ಬರುವ ತನಕ ಮೂವರೂ ಹಾಗೇ ಇದ್ದೆವು, ಅವರು ಅಳುತ್ತ, ನಾನು ಅವನ ಮೇಲೆ, ಅವನು ನನ್ನ ಅಂಗಿ ಹಿಡಿದುಕೊಂಡು.